ಎರಡು ಚಕ್ರದ ರೋಬೊ ಯಾಕೆ ಬೀಳುತ್ತಿತ್ತು?

ಜಯನಗರದ ಹಳೆಯ ಮನೆಗಳಲ್ಲಿ ಬೆಳಗಿನ ಸ್ನಾನವೂ ಒಂದು ಪರೀಕ್ಷೆಯೇ. ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಸೋಲಾರ್ ಟ್ಯಾಂಕು ತಾರಸಿಯ ಮೇಲಿದೆ. ಬಿಸಿನೀರು, ತಣ್ಣೀರು ಬೆರೆಸುವ ತಿರುಪು ಬಚ್ಚಲಿನ ಬಾಗಿಲ ಪಕ್ಕದಲ್ಲಿದೆ. ಶವರ್ ಇರುವುದು ಎದುರು ಗೋಡೆಯಲ್ಲಿ. ಯಾವ ಪುಣ್ಯಾತ್ಮ ಪ್ಲಂಬರ್ ಹೀಗೆ ಮಾಡಿದನೋ, ಎರಡರ ನಡುವೆ ಗೋಡೆ ಸುತ್ತಿಕೊಂಡು ಬರುವ ಉದ್ದನೆಯ ಪೈಪು. ತಿರುಪು ತಿರುಗಿಸಿದ ಫಲ ಮೈಮೇಲೆ ಬೀಳಲು ಐದಾರು ಸೆಕೆಂಡು ಬೇಕು.

ಹೊಸಬರು ಬಂದರೆ ಏನಾಗುತ್ತದೆ ಗೊತ್ತೆ? ನೀರು ತಣ್ಣಗಿದೆ ಅಂತ ಬಿಸಿನೀರು ಹೆಚ್ಚು ಮಾಡುತ್ತಾರೆ. ಏನೂ ಬದಲಾಗಲಿಲ್ಲವಲ್ಲ ಅಂತ ಇನ್ನಷ್ಟು ಹೆಚ್ಚು ಮಾಡುತ್ತಾರೆ. ಆಮೇಲೆ ಒಳಗಿನಿಂದ ‘ಅಯ್ಯಯ್ಯೋ’ ಎಂಬ ಕೂಗು. ಗಾಬರಿಯಲ್ಲಿ ಪೂರ್ತಿ ತಣ್ಣೀರಿಗೆ ತಿರುಗಿಸುತ್ತಾರೆ. ಐದು ಸೆಕೆಂಡು ಕಳೆದ ಮೇಲೆ ಇನ್ನೊಂದು ಕೂಗು, ಈ ಸಲ ಚಳಿಗೆ. ಹೀಗೆ ಒಮ್ಮೆ ಬೆಂದು ಒಮ್ಮೆ ನಡುಗಿ ಸ್ನಾನ ಮುಗಿಸಿ ಬಂದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಾಸನದಿಂದ ಬಂದು ನಮ್ಮ ಮನೆಯಲ್ಲಿದ್ದುಕೊಂಡು ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳೂ ಅವರಲ್ಲೊಬ್ಬಳು. ಮನೆಯಲ್ಲಿ ಅವಳನ್ನು ಪುಟ್ಟಿ ಅನ್ನುತ್ತೇವೆ, ಇಲ್ಲೂ ಅದೇ ಹೆಸರಿರಲಿ.

ಪುಟ್ಟಿಯ ಕಾಲೇಜು ಬನಶಂಕರಿ ಕಡೆ. ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಬಸವನಗುಡಿಯ ಬಿಎಂಎಸ್ 1946ರಷ್ಟು ಹಳೆಯದು. ಸಂಜೆ ಬಸ್ಸು ಹತ್ತಿದರೆ ಅರ್ಧ ಸೀಟುಗಳಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಮಕ್ಕಳೇ. ಈ ಸೆಮಿಸ್ಟರಿನಲ್ಲಿ ಪುಟ್ಟಿ ಆರಿಸಿಕೊಂಡ ಐಚ್ಛಿಕ ವಿಷಯ ಡಿಜಿಟಲ್ ಕಂಟ್ರೋಲ್ ಸಿಸ್ಟಮ್ಸ್. ಆರಿಸಿಕೊಂಡಳು ಅನ್ನುವುದಕ್ಕಿಂತ, ಉಳಿದ ವಿಷಯಗಳ ಸೀಟು ತುಂಬಿಹೋಗಿ ಇದು ಅವಳ ಪಾಲಿಗೆ ಬಂತು ಅನ್ನಬೇಕು. ಮೊದಲ ಇಂಟರ್ನಲ್ಸ್‌ನಲ್ಲಿ ಬಂದದ್ದು 50ಕ್ಕೆ 9.

ಅವತ್ತು ಸಂಜೆ ಊಟಕ್ಕೆ ಕೂರಲಿಲ್ಲ ಹುಡುಗಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಗಣಿತದಲ್ಲಿ ಯಾವತ್ತೂ 90ಕ್ಕೆ ಇಳಿಯದವಳು. ಅವಳ ಕಾಲೇಜಿನಲ್ಲಿ ಒಂದು ವಿಷಯ ಉಳಿದರೂ ಕ್ಯಾಂಪಸ್ ಸಂದರ್ಶನಕ್ಕೆ ಕೂರುವಂತಿಲ್ಲ. ಮನೆಯಲ್ಲಿ ಅಪ್ಪ ಸಾಲ ಮಾಡಿ ಫೀಸು ಕಟ್ಟಿದ್ದಾರೆ. ‘ಚಿಕ್ಕಮ್ಮ, ಲೆಕ್ಕ ಮಾಡೋಕೆ ಬರತ್ತೆ. ಯಾತಕ್ಕೆ ಮಾಡ್ತಿದ್ದೀನಿ ಅಂತ ಗೊತ್ತಾಗ್ತಿಲ್ಲ. ಎಲ್ಲಾ ಕಡೆ ಬರೀ ಝಡ್, ಝಡ್, ಝಡ್’ ಅಂದಳು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಅವಳ ಪುಸ್ತಕ ತೆಗೆದು ನೋಡಿದೆ. ನಿಜ ಹೇಳುತ್ತೇನೆ, ಮೊದಲ ಮೂರು ಸಂಜೆ ನನಗೂ ಏನೂ ಹತ್ತಲಿಲ್ಲ. ನಾಲ್ಕನೆಯ ಸಂಜೆ ಹೊಳೆದದ್ದು ನಮ್ಮ ಬಚ್ಚಲಿನ ತಿರುಪು.

ಕಂಟ್ರೋಲ್ ಅಂದರೆ ಇಷ್ಟು: ಏನು ಬೇಕು, ಏನಿದೆ ಎಂದು ನೋಡುವುದು. ವ್ಯತ್ಯಾಸವಿದ್ದರೆ ಅದು ಕಡಿಮೆಯಾಗುವಂತೆ ಏನಾದರೂ ಮಾಡುವುದು. ಮತ್ತೆ ನೋಡುವುದು. ಕಾವಲಿಗೆ ನೀರು ಚಿಮುಕಿಸಿ, ‘ಚುಯ್’ ಎಂಬ ಸದ್ದು ಕೇಳಿ ಉರಿ ಸಣ್ಣ ಮಾಡಿ ದೋಸೆ ಹುಯ್ಯುವ ಅಮ್ಮಂದಿರೆಲ್ಲ ಈ ಕೆಲಸದಲ್ಲಿ ಪಳಗಿದವರೇ. ಇದಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ, ಕರೆಂಟೂ ಬೇಕಿಲ್ಲ. ನಮ್ಮ ವಿಶ್ವೇಶ್ವರಯ್ಯನವರು ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಸ್ವಯಂಚಾಲಿತ ಗೇಟುಗಳನ್ನು ಹಾಕಿಸಿದರು. ನೀರು ನಿಗದಿತ ಮಟ್ಟ ಮೀರಿದರೆ ಗೇಟು ತಾನಾಗಿ ತೆರೆಯುತ್ತಿತ್ತು, ಇಳಿದರೆ ತಾನಾಗಿ ಮುಚ್ಚುತ್ತಿತ್ತು. ಆಮೇಲೆ ಅವು ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟೆಗೂ ನಮ್ಮ ಕೃಷ್ಣರಾಜಸಾಗರಕ್ಕೂ ಬಂದವು. ಅಲ್ಲಿ ಸುದ್ದಿ ತರುವುದೂ ನೀರೇ, ಕೆಲಸ ಮಾಡಿಸುವುದೂ ನೀರೇ. ನಡುವೆ ಯಾರೂ ಕೂತು ಯೋಚಿಸಬೇಕಿಲ್ಲ.

ಕಂಪ್ಯೂಟರ್ ಬಂದಾಗ ಕತೆ ಬೇರೆಯಾಗುತ್ತದೆ. ಅದು ಸದಾ ಕಣ್ಣು ಬಿಟ್ಟು ನೋಡುವುದಿಲ್ಲ. ಒಮ್ಮೆ ನೋಡುತ್ತದೆ, ಕಣ್ಣು ಮುಚ್ಚಿ ಲೆಕ್ಕ ಹಾಕುತ್ತದೆ, ಏನೋ ಮಾಡುತ್ತದೆ, ಮತ್ತೆ ಕಣ್ಣು ಬಿಡುತ್ತದೆ. ಹೀಗೆ ಬಿಟ್ಟು ಬಿಟ್ಟು ನೋಡುವುದಕ್ಕೆ ಸ್ಯಾಂಪ್ಲಿಂಗ್ ಎಂದು ಹೆಸರು. ಎರಡು ನೋಟಗಳ ನಡುವೆ ಹೊರಗೆ ಏನು ನಡೆಯಿತೋ ಅದಕ್ಕೆ ಗೊತ್ತಿಲ್ಲ. ಮಕ್ಕಳೇ, ಮೊಬೈಲಿನಲ್ಲಿ ಸೀಲಿಂಗ್ ಫ್ಯಾನಿನ ವಿಡಿಯೊ ಮಾಡಿ ನೋಡಿ. ಕೆಲವು ವೇಗಗಳಲ್ಲಿ ರೆಕ್ಕೆಗಳು ನಿಂತಂತೆ, ಕೆಲವೊಮ್ಮೆ ಹಿಂದಕ್ಕೆ ತಿರುಗಿದಂತೆ ಕಾಣುತ್ತವೆ. ಮೊಬೈಲು ಸುಳ್ಳು ಹೇಳುತ್ತಿಲ್ಲ. ಬಿಟ್ಟು ಬಿಟ್ಟು ನೋಡಿ, ಕಂಡಷ್ಟನ್ನು ಸೇರಿಸಿ ಹೇಳುತ್ತಿದೆ.

ಈ ಲೆಕ್ಕ ಹುಟ್ಟಿದ್ದರ ಹಿಂದೆ ರಾಡಾರ್ ಇದೆ. ಸುತ್ತುವ ರಾಡಾರಿಗೆ ವಿಮಾನ ಕಾಣುವುದು ಸುತ್ತಿಗೊಮ್ಮೆ ಮಾತ್ರ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ರಗಾಝಿನಿ ಮತ್ತು ಝಾದೆ ಎಂಬಿಬ್ಬರು ಇಂಥ ವ್ಯವಸ್ಥೆಗಳಿಗೆ ಬೇಕಾದ ಗಣಿತವನ್ನು 1952ರಲ್ಲಿ ಬರೆದರು. ಅದೇ ಪುಟ್ಟಿಯ ನಿದ್ದೆ ಕೆಡಿಸಿದ ಝಡ್ ಟ್ರಾನ್ಸ್‌ಫಾರ್ಮ್. ವಾಷಿಂಗ್ ಮೆಷಿನ್ ಮೇಲೆ ಫಜಿ ಲಾಜಿಕ್ ಅಂತ ಬರೆದಿರುತ್ತದಲ್ಲ, ಅದರ ಮೂಲವೂ ಇದೇ ಝಾದೆ 1965ರಲ್ಲಿ ಬರೆದ ಲೇಖನ.

ಈಗ ಪೆನ್ಸಿಲು, ಹಾಳೆ ತೆಗೆದುಕೊಳ್ಳಿ. ನಾನೂ ಪುಟ್ಟಿಯೂ ಅವತ್ತು ಮಾಡಿದ್ದನ್ನೇ ನೀವೂ ಮಾಡಿ. ಆರನೆಯ ತರಗತಿಯ ನನ್ನ ಮಗನೂ ಮಾಡಿದ.

ನೀರು ಬೇಕಾದ್ದಕ್ಕಿಂತ 16 ಡಿಗ್ರಿ ತಣ್ಣಗಿದೆ ಅಂದುಕೊಳ್ಳಿ. ನಿಯಮ ಒಂದೇ: ಎಷ್ಟು ಕೊರತೆ ಕಾಣುತ್ತದೋ ಅಷ್ಟನ್ನು ಸರಿಪಡಿಸುವುದು. ಸುದ್ದಿ ತಾಜಾ ಆಗಿದ್ದರೆ ಒಂದೇ ಹೆಜ್ಜೆಗೆ 16 ಹೋಗಿ 0 ಆಯಿತು. ಕೆಲಸ ಮುಗಿಯಿತು.

ಇನ್ನು ಸುದ್ದಿ ಒಂದು ಹೆಜ್ಜೆ ಹಳೆಯದು ಎಂದುಕೊಳ್ಳಿ. ಈಗ ಕಾಣುವುದು ಈಗಿನದಲ್ಲ, ಹಿಂದಿನ ಹೆಜ್ಜೆಯದು. ಮೊದಲ ಹೆಜ್ಜೆಯಲ್ಲಿ 16 ಸರಿಪಡಿಸಿದಿರಿ, ನೀರು ಸರಿಯಾಯಿತು, ಕೊರತೆ 0. ಆದರೆ ನಿಮಗೆ ಬಂದ ಸುದ್ದಿ ಇನ್ನೂ ‘16 ಕೊರತೆ’ ಎಂಬುದೇ. ಮತ್ತೆ 16 ಬಿಸಿ ಮಾಡಿದಿರಿ. ನೀರು ಈಗ 16 ಡಿಗ್ರಿ ಜಾಸ್ತಿ ಬಿಸಿ. ಆಗ ಬರುವ ಸುದ್ದಿ ‘ಎಲ್ಲ ಸರಿಯಿದೆ’. ಸುಮ್ಮನಿದ್ದಿರಿ, ನೀರು ಸುಡುತ್ತಲೇ ಇತ್ತು. ಮುಂದೆ ‘16 ಜಾಸ್ತಿ’ ಎಂಬ ಸುದ್ದಿ ಬಂತು, ಇಳಿಸಿದಿರಿ, ಸರಿಹೋಯಿತು. ಆದರೆ ಹಳೆಯ ಸುದ್ದಿ ಮತ್ತೆ ‘16 ಜಾಸ್ತಿ’ ಅಂದಿತು, ಮತ್ತೆ ಇಳಿಸಿದಿರಿ. ಈಗ 16 ಡಿಗ್ರಿ ತಣ್ಣಗೆ. ಶುರು ಮಾಡಿದಲ್ಲಿಗೇ ಬಂದಿರಿ. ಎಷ್ಟು ಹಾಳೆ ತುಂಬಿಸಿದರೂ ಇದು ನಿಲ್ಲುವುದಿಲ್ಲ. ಆರು ಹೆಜ್ಜೆಗೊಂದು ಸುತ್ತು ಸುತ್ತುತ್ತಲೇ ಇರುತ್ತದೆ.

ನೋಡಿ, ನಿಯಮ ಬದಲಾಗಲಿಲ್ಲ. ಲೆಕ್ಕದಲ್ಲಿ ತಪ್ಪಿಲ್ಲ. ಸುದ್ದಿ ಒಂದು ಹೆಜ್ಜೆ ಹಳಸಿತ್ತು, ಅಷ್ಟೆ.

ಹಾಗಾದರೆ ಹಳಸಿದ ಸುದ್ದಿಯೊಂದಿಗೆ ಬದುಕುವುದು ಹೇಗೆ? ಕಂಡ ಕೊರತೆಯ ಕಾಲು ಭಾಗ ಮಾತ್ರ ಸರಿಪಡಿಸಿ ನೋಡಿ. 16, 12, 8, 5, 3 ಎಂದು ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಎಲ್ಲೂ ಸುಡುವುದಿಲ್ಲ. ಅರ್ಧ ಭಾಗ ಸರಿಪಡಿಸಿದರೆ ಬೇಗ ತಲುಪುತ್ತದೆ, ಆದರೆ ಸ್ವಲ್ಪ ಆಚೆ ಹೋಗಿ ಹಿಂದೆ ಬರುತ್ತದೆ. ಮಾಡಿ ನೋಡಿ.

ಪುಟ್ಟಿ ಆ ಸಂಖ್ಯೆಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ನೋಟ್ಸ್ ತಂದು ಒಂದು ವೃತ್ತ ಬರೆದಳು. ಅವರ ಪಾಠದಲ್ಲಿ ಎಲ್ಲ ಕಡೆ ಬರುವ ವೃತ್ತ ಅದು, ತ್ರಿಜ್ಯ ಒಂದು. ವ್ಯವಸ್ಥೆಯ ಸಮೀಕರಣ ಬಿಡಿಸಿದಾಗ ಬರುವ ಉತ್ತರಗಳು ವೃತ್ತದ ಒಳಗಿದ್ದರೆ ಎಲ್ಲವೂ ಕೊನೆಗೆ ಶಾಂತವಾಗುತ್ತದೆ. ಹೊರಗಿದ್ದರೆ ತೂಗಾಟ ಬೆಳೆಯುತ್ತಾ ಹೋಗುತ್ತದೆ. ನಮ್ಮ ಬಚ್ಚಲಿನ ಉತ್ತರ ಎಲ್ಲಿ ಬಂತು ಗೊತ್ತೆ? ಸರಿಯಾಗಿ ಅಂಚಿನ ಮೇಲೆ, 60 ಡಿಗ್ರಿ ಕೋನದಲ್ಲಿ. ‘ಚಿಕ್ಕಮ್ಮ, 360 ಭಾಗಿಸು 60, ಆರು! ಆರು ಹೆಜ್ಜೆಗೊಂದು ಸುತ್ತು!’ ಎಂದು ಕೂಗಿದಳು. ರಾತ್ರಿ ಹತ್ತೂವರೆ. ಮೇಲಿನ ಮನೆಯವರು ನೆಲ ತಟ್ಟಿದರು. ಆ ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿತು.

ಇಷ್ಟಕ್ಕೇ ವಿಷಯ ಪಾಸಾಗುವುದಿಲ್ಲವಲ್ಲ. ಪ್ರಾಜೆಕ್ಟ್ ಬೇರೆ ಇತ್ತು. ಎರಡೇ ಚಕ್ರದ ಮೇಲೆ ತಾನಾಗಿ ನಿಲ್ಲುವ ರೋಬೊ. ಪುಟ್ಟಿ, ಜೆ.ಪಿ. ನಗರದಿಂದ ಒಬ್ಬ ಹುಡುಗ, ಬಿಟಿಎಂ ಲೇಔಟಿನಿಂದ ಒಬ್ಬಳು ಹುಡುಗಿ, ಮೂವರ ತಂಡ. ಕೆ.ಆರ್. ಮಾರ್ಕೆಟ್ ನಿಲ್ದಾಣಕ್ಕೆ ಮೆಟ್ರೊದಲ್ಲಿ ಹೋಗಿ, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಚೌಕಾಸಿ ಮಾಡಿ ಮೋಟಾರು, ಚಕ್ರ, ಆರ್ಡುಯಿನೊ ಬೋರ್ಡು, ಉಗುರಿನಗಲದ ಸೆನ್ಸರು ತಂದರು. ಎಷ್ಟು ವೇಗದಲ್ಲಿ ವಾಲುತ್ತಿದ್ದೇನೆ ಎಂದು ಹೇಳುವ ಸೆನ್ಸರು ಅದು. ನಮ್ಮ ಊಟದ ಮೇಜು ಎರಡು ವಾರ ಕಾರ್ಖಾನೆಯಾಯಿತು. ನಾವು ನೆಲದ ಮೇಲೆ ಕೂತು ಉಂಡೆವು.

ಈ ರೋಬೊದ ಕಷ್ಟ ಅರ್ಥವಾಗಬೇಕಾದರೆ ಪೊರಕೆಯನ್ನು ಅಂಗೈ ಮೇಲೆ ನಿಲ್ಲಿಸಿ ನೋಡಿ. ಉದ್ದನೆಯ ಕೋಲಿನ ಪೊರಕೆಯಾದರೆ ಸ್ವಲ್ಪ ಅಭ್ಯಾಸದಿಂದ ನಿಲ್ಲುತ್ತದೆ. ಈಗ ಪೆನ್ಸಿಲು ನಿಲ್ಲಿಸಿ. ಯಾರಿಂದಲೂ ಆಗುವುದಿಲ್ಲ. ಪೆನ್ಸಿಲು ಹಗುರವೆಂದಲ್ಲ, ಗಿಡ್ಡವೆಂದು. ಗಿಡ್ಡ ವಸ್ತು ಬೇಗ ಬೀಳುತ್ತದೆ. ಕಣ್ಣು ಕಂಡದ್ದನ್ನು ಮಿದುಳು ತಿಳಿದು ಕೈಗೆ ಹೇಳಿ ಕೈ ಚಲಿಸುವಷ್ಟರಲ್ಲಿ ಸುಮಾರು ಐದನೇ ಒಂದು ಸೆಕೆಂಡು ಹೋಗಿರುತ್ತದೆ. ಅಷ್ಟರಲ್ಲಿ ಪೊರಕೆ ಕಾಯುತ್ತದೆ, ಪೆನ್ಸಿಲು ಕಾಯುವುದಿಲ್ಲ. ಇವರ ರೋಬೊ ಒಂದು ಗೇಣು ಎತ್ತರ. ಆದ್ದರಿಂದ ಸೆಕೆಂಡಿಗೆ 200 ಸಲ, ಅಂದರೆ 5 ಮಿಲಿಸೆಕೆಂಡಿಗೊಮ್ಮೆ, ನೋಡಿ ಚಕ್ರ ಸರಿಪಡಿಸುವಂತೆ ಪ್ರೋಗ್ರಾಂ ಬರೆದಿದ್ದರು.

ಒಂದು ಭಾನುವಾರ ಸಂಜೆ ಅದು ನಿಂತಿತು. ಸಣ್ಣಗೆ ನಡುಗುತ್ತಾ, ಆಗ ತಾನೇ ನಿಲ್ಲಲು ಕಲಿತ ಮಗುವಿನ ಹಾಗೆ. ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದೆವು. ಸೋಮವಾರ ನಿಲ್ಲಿಸಿದರೆ ದೊಪ್ಪನೆ ಬಿತ್ತು. ಮತ್ತೆ ನಿಲ್ಲಿಸಿದರು, ಮತ್ತೆ ಬಿತ್ತು. ಬ್ಯಾಟರಿ ಬದಲಾಯಿಸಿದರು. ಸ್ಕ್ರೂ ಬಿಗಿ ಮಾಡಿದರು. ಸೆನ್ಸರ್ ಕೆಟ್ಟಿದೆ ಎಂದು ಇನ್ನೊಂದು ತಂದರು. ಬುಧವಾರದ ಹೊತ್ತಿಗೆ ಮೂವರಿಗೂ ಮಾತು ನಿಂತಿತ್ತು. ಶುಕ್ರವಾರ ಕಾಲೇಜಿನಲ್ಲಿ ತೋರಿಸಬೇಕು. ಜೆ.ಪಿ. ನಗರದ ಹುಡುಗ ‘ನಿಂತಿದ್ದ ವಿಡಿಯೊ ಇದೆಯಲ್ಲ, ಅದನ್ನೇ ತೋರಿಸಿಬಿಡೋಣ’ ಅಂದ. ಪುಟ್ಟಿ ಒಪ್ಪಲಿಲ್ಲ.

ಚಹಾ ಕೊಡಲು ಹೋದವಳು ಸುಮ್ಮನೆ ಕೇಳಿದೆ: ‘ಭಾನುವಾರ ನಿಂತಿತ್ತಲ್ಲ, ಆಮೇಲೆ ಏನು ಬದಲಾಯಿಸಿದಿರಿ?’

‘ಏನೂ ಇಲ್ಲ ಆಂಟಿ. ವರದಿಯಲ್ಲಿ ಗ್ರಾಫ್ ಹಾಕಬೇಕಲ್ಲ, ಅದಕ್ಕೆ ರೋಬೊ ಎಷ್ಟು ವಾಲಿದೆ ಅಂತ ಲ್ಯಾಪ್‌ಟಾಪಿನಲ್ಲಿ ಮೂಡೋ ಹಾಗೆ ಒಂದು ಸಾಲು ಸೇರಿಸಿದ್ದೀವಿ, ಅಷ್ಟೆ. ಅದು ಮೋಟಾರನ್ನ ಮುಟ್ಟೋದೇ ಇಲ್ಲ.’

ಪುಟ್ಟಿ ಲೋಟ ಕೆಳಗಿಟ್ಟಳು. ಎದ್ದು ಹೋಗಿ ಫ್ರಿಜ್ಜಿನ ಬಾಗಿಲ ಮೇಲಿದ್ದ ಹಾಳೆಯ ಮೂಲೆಯಲ್ಲಿ ಲೆಕ್ಕ ಹಾಕತೊಡಗಿದಳು. ಬೋರ್ಡು ಲ್ಯಾಪ್‌ಟಾಪಿನೊಂದಿಗೆ ಮಾತಾಡುವ ವೇಗ ಸೆಕೆಂಡಿಗೆ 9600 ಬಿಟ್. ಒಂದು ಅಕ್ಷರಕ್ಕೆ 10 ಬಿಟ್. ಅಂದರೆ ಸೆಕೆಂಡಿಗೆ 960 ಅಕ್ಷರ, ಒಂದೊಂದಕ್ಕೆ ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಪ್ರತಿ ಸಲ ಕಳಿಸುತ್ತಿದ್ದದ್ದು ಸುಮಾರು 30 ಅಕ್ಷರ. ಅದು ಹೋಗಿ ಮುಗಿಯಲು 31 ಮಿಲಿಸೆಕೆಂಡು. 5 ಮಿಲಿಸೆಕೆಂಡಿಗೊಮ್ಮೆ ಕಣ್ಣು ಬಿಡಬೇಕಾದ ರೋಬೊ, ವರದಿ ಒಪ್ಪಿಸುತ್ತಾ 31 ಮಿಲಿಸೆಕೆಂಡಿಗೊಮ್ಮೆ ಕಣ್ಣು ಬಿಡುತ್ತಿತ್ತು. ಸೆಕೆಂಡಿಗೆ 200 ನೋಟ ಹೋಗಿ 32ಕ್ಕೆ ಇಳಿದಿತ್ತು. ಅದೂ ಸಾಲದೆಂಬಂತೆ, ಪ್ರೋಗ್ರಾಮಿನಲ್ಲಿ ಎರಡು ನೋಟಗಳ ನಡುವಿನ ಕಾಲ 5 ಮಿಲಿಸೆಕೆಂಡು ಎಂದೇ ಬರೆದಿತ್ತು. ವಾಲುವ ವೇಗವನ್ನು ಕಾಲದಿಂದ ಗುಣಿಸಿ ತಾನೇ ಎಷ್ಟು ವಾಲಿದೆ ಎಂದು ತಿಳಿಯಬೇಕು? ನಿಜವಾಗಿ ಆರು ಪಾಲು ವಾಲಿದ್ದಾಗ ಒಂದೇ ಪಾಲು ವಾಲಿದ್ದೇನೆ ಎಂದು ಅದು ನಂಬುತ್ತಿತ್ತು.

ನಮ್ಮ ಸರ್ಕಾರಿ ಕಚೇರಿಗಳಲ್ಲಿ ಕೆಲಸಕ್ಕಿಂತ ವರದಿಯೇ ಹೆಚ್ಚಾದಾಗ ಆಗುವುದೂ ಇದೇ ಎಂದು ನನ್ನವರು ಅಡುಗೆಮನೆಯಿಂದಲೇ ಹೇಳಿದರು. ಯಾರೂ ನಗಲಿಲ್ಲ. ಮೂವರೂ ಆಗಲೇ ಲ್ಯಾಪ್‌ಟಾಪಿಗೆ ಮುಗಿಬಿದ್ದಿದ್ದರು. ಆ ಸಾಲು ತೆಗೆದರು. ನಿಂತಿತು. ಮತ್ತೆ ಹಾಕಿದರು. ಬಿತ್ತು. ಬೀಳುವುದನ್ನು ನೋಡಿ ಯಾರಾದರೂ ಅಷ್ಟು ಸಂತೋಷಪಟ್ಟದ್ದನ್ನು ನಾನು ಮೊದಲ ಸಲ ಕಂಡೆ. ಕೊನೆಗೆ ಮಾತಿನ ವೇಗವನ್ನು 12 ಪಟ್ಟು ಹೆಚ್ಚಿಸಿ, 20 ನೋಟಕ್ಕೊಮ್ಮೆ ಮಾತ್ರ ವರದಿ ಕಳಿಸುವಂತೆ ಬದಲಾಯಿಸಿದರು. ಗ್ರಾಫೂ ಸಿಕ್ಕಿತು, ರೋಬೊವೂ ನಿಂತಿತು.

ಗುರುವಾರ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಬಿಟಿಎಂ ಗೆಳತಿಯ ಮನೆಗೆ ಹೊರಟೆವು. ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹಳದಿ ಮಾರ್ಗದ ರೈಲು ಹತ್ತಿದೆವು. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ, ಬೊಮ್ಮಸಂದ್ರದವರೆಗೆ 16 ನಿಲ್ದಾಣಗಳ ಮಾರ್ಗವಿದು. ಚಾಲಕನಿಲ್ಲದೆ ಓಡಬಲ್ಲ ರೈಲುಗಳು. ನನ್ನ ಮಗ ಮುಂದಿನ ಗಾಜಿಗೆ ಮೂಗು ಒತ್ತಿ ನಿಂತ. ಇಲ್ಲಿ ರೈಲು ಎಲ್ಲಿದೆ ಎಂಬ ಸುದ್ದಿ ರೇಡಿಯೊದಲ್ಲಿ ಹೋಗುತ್ತಾ ಇರುತ್ತದೆ, ಎಲ್ಲಿಯವರೆಗೆ ಹೋಗಬಹುದು ಎಂಬ ಅಪ್ಪಣೆ ಬರುತ್ತಾ ಇರುತ್ತದೆ. ಗಂಟೆಗೆ 72 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 20 ಮೀಟರ್. ಅರ್ಧ ಸೆಕೆಂಡು ಹಳಸಿದ ಸುದ್ದಿಯೆಂದರೆ ರೈಲು 10 ಮೀಟರ್ ಮುಂದೆ ಹೋಗಿದೆ ಎಂದರ್ಥ. ‘ಸುದ್ದಿ ಬರದೇ ಹೋದರೆ?’ ಎಂದ ಮಗ. ‘ಬ್ರೇಕ್ ಹಾಕಿ ನಿಂತುಬಿಡತ್ತೆ’ ಎಂದಳು ಪುಟ್ಟಿ. ರಾಗಿಗುಡ್ಡ ದಾಟಿದ ಮೇಲೆ ಅವಳೇ ಮುಂದುವರಿಸಿದಳು: ‘ರೈಲಿಗೆ ಆ ಅನುಕೂಲ ಇದೆ. ನಮ್ಮ ರೋಬೊಗೆ ಇಲ್ಲ. ತೇಜಸ್‌ಗೂ ಇಲ್ಲ.’

ತೇಜಸ್ ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡ ಯುದ್ಧವಿಮಾನ. ಚುರುಕಾಗಿ ತಿರುಗಲಿ ಎಂದು ಬೇಕೆಂದೇ ಅಸ್ಥಿರವಾಗಿ ಕಟ್ಟಿದ್ದಾರೆ. ಕಂಪ್ಯೂಟರ್ ಬಿಡುವಿಲ್ಲದೆ ಸರಿಪಡಿಸುತ್ತಾ ಹೋಗದಿದ್ದರೆ ಪೈಲಟ್ ಎಷ್ಟೇ ನುರಿತವರಾದರೂ ಹಾರಿಸಲಾಗದು. ಅಂಗೈ ಮೇಲಿನ ಪೆನ್ಸಿಲಿನ ಕತೆಯೇ. ಆ ಲೆಕ್ಕದ ನಿಯಮಗಳನ್ನು ಬರೆದ ತಂಡ ಕೆಲಸ ಮಾಡಿದ್ದು ಹಳೆಯ ವಿಮಾನ ನಿಲ್ದಾಣದ ರಸ್ತೆಯ ಎನ್‌ಎಎಲ್‌ನಲ್ಲಿ. 1998ರ ಪೋಖ್ರಾನ್ ಅಣುಪರೀಕ್ಷೆಯ ನಂತರ ಅಮೆರಿಕ ಸಹಕಾರ ನಿಲ್ಲಿಸಿತು. ಅಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳು ವಾಪಸಾಗಬೇಕಾಯಿತು. ಉಳಿದ ಕೆಲಸ ಇಲ್ಲೇ ಮುಗಿಯಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಅದನ್ನು ಬೆಂಗಳೂರಿನ ಆಕಾಶದಲ್ಲಿ ಮೊದಲ ಸಲ ಹಾರಿಸಿ ಇಳಿಸಿದರು.

ಅಷ್ಟು ಹುಷಾರು ಯಾಕೆ ಎಂಬುದಕ್ಕೆ ಅವಳ ಮೇಷ್ಟ್ರು ತರಗತಿಯಲ್ಲಿ ಒಂದು ವಿಡಿಯೊ ತೋರಿಸಿದ್ದರಂತೆ. 1993ರ ಆಗಸ್ಟ್ 8, ಸ್ವೀಡನ್ನಿನ ಸ್ಟಾಕ್‌ಹೋಮ್. ಜನಜಂಗುಳಿಯ ಮೇಲೆ ಗ್ರಿಪೆನ್ ಎಂಬ ವಿಮಾನದ ಪ್ರದರ್ಶನ. ಪೈಲಟ್ ನಿಯಂತ್ರಣ ಕಡ್ಡಿಯನ್ನು ಜೋರಾಗಿ ಅತ್ತಿತ್ತ ತಳ್ಳಿದಾಗ ರೆಕ್ಕೆಯ ಪಟ್ಟಿಗಳು ಆ ವೇಗಕ್ಕೆ ತಿರುಗಲಾರದೆ ಹಿಂದೆ ಬಿದ್ದವು. ಪೈಲಟ್ ಸರಿಪಡಿಸಲು ಹೋದಷ್ಟೂ ತೂಗಾಟ ಹೆಚ್ಚಿತು. ನಮ್ಮ ಬಚ್ಚಲಿನಲ್ಲಿ ಆಗುವುದು ಆಕಾಶದಲ್ಲಿ ಆಯಿತು. ಅವರು ಹೊರಕ್ಕೆ ಜಿಗಿದು ಬದುಕಿದರು. ವಿಮಾನ ನಗರದ ನಡುವಿನ ದ್ವೀಪವೊಂದರಲ್ಲಿ ಬಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. 1989ರಲ್ಲೂ ಇದೇ ಪೈಲಟ್, ಇದೇ ಮಾದರಿಯ ವಿಮಾನ, ಇಳಿಯುವಾಗ ಹೀಗೇ ತೂಗಾಡಿ ಮಗುಚಿತ್ತು. ‘ಎರಡು ಸಲ ಬದುಕಿದ್ರು ಚಿಕ್ಕಮ್ಮ’ ಎಂದಳು ಪುಟ್ಟಿ, ಪೆಟ್ಟಿಗೆಯನ್ನು ಮಡಿಲಲ್ಲಿ ಇನ್ನಷ್ಟು ಬಿಗಿಯಾಗಿ ಹಿಡಿದು.

ಶುಕ್ರವಾರ ಪರೀಕ್ಷಕರ ಮುಂದೆ ರೋಬೊ ನಿಂತಿತು. ಅವರು ಬೆರಳಿನಿಂದ ಮೆಲ್ಲಗೆ ತಳ್ಳಿದರು, ತೂಗಿ ಸರಿಹೋಯಿತು. ‘ಇದನ್ನು ಎರಡು ಪಟ್ಟು ಎತ್ತರ ಮಾಡಿದರೆ ನಿಲ್ಲಿಸುವುದು ಸುಲಭವೋ ಕಷ್ಟವೋ?’ ಎಂದು ಕೇಳಿದರಂತೆ. ಪುಟ್ಟಿ ಪ್ರಯೋಗಾಲಯದ ಮೂಲೆಯಲ್ಲಿದ್ದ ಪೊರಕೆ ತಂದು ಅಂಗೈ ಮೇಲೆ ನಿಲ್ಲಿಸಿ ತೋರಿಸಿದಳು. ‘ಮೋಟಾರಿಗೆ ಶಕ್ತಿ ಸಾಕಾಗಬೇಕು ಸರ್, ಅದೊಂದು ಬಿಟ್ಟರೆ ಸುಲಭ’ ಎಂದಳು. ಕನ್ನಡದಲ್ಲೇ ಹೇಳಿದಳಂತೆ, ಅವರೂ ಕನ್ನಡದಲ್ಲೇ ಮುಂದಿನ ಪ್ರಶ್ನೆ ಕೇಳಿದರಂತೆ.

ಎರಡನೆಯ ಇಂಟರ್ನಲ್ಸ್‌ನಲ್ಲಿ 50ಕ್ಕೆ 34. ಸೆಮಿಸ್ಟರ್ ಪರೀಕ್ಷೆ ಇನ್ನೂ ಬಾಕಿಯಿದೆ. ರೋಬೊ ಈಗ ಟಿವಿ ಪಕ್ಕದಲ್ಲಿ ಬ್ಯಾಟರಿ ಇಲ್ಲದೆ ಗೋಡೆಗೆ ಒರಗಿ ಕೂತಿದೆ. ನನ್ನ ಮಗ ದಿನಾ ಶಾಲೆಗೆ ಹೊರಡುವ ಮುಂಚೆ ಪೆನ್ಸಿಲು ನಿಲ್ಲಿಸಲು ನೋಡುತ್ತಾನೆ. ಬಚ್ಚಲಿನ ಪೈಪು ಬದಲಾಯಿಸಲು ಪ್ಲಂಬರ್ ಹನ್ನೆರಡು ಸಾವಿರ ಕೇಳಿದ. ಅದರ ಬದಲು ಪುಟ್ಟಿ ತಿರುಪಿನ ಮೇಲೆ ಒಂದು ಚೀಟಿ ಅಂಟಿಸಿದ್ದಾಳೆ: ‘ಕಾಲು ಭಾಗ ತಿರುಗಿಸಿ, ಆರರವರೆಗೆ ಎಣಿಸಿ.’